ಟಿವಿಯ ಬೆನ್ನಿಗಂಟಿದ ಚೀಟಿ

ಡ್ರೈವರನ ಟಿವಿ ಕೆಟ್ಟದ್ದು ಎಲೆ ಉದುರುವ ಕಾಲದ ಮೊದಲ ವಾರದಲ್ಲಿ. ಸರಿಹೋದದ್ದು ಮಾರನೆಯ ದಿನವೇ. ಮನೆಗೆ ಹೋಗಲು ಮಾತ್ರ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಡ್ರೈವರನೇ ಇರಲಿಲ್ಲ.

ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾಗಿದ್ದ ಅವನು ಟಿವಿ ರಿಪೇರಿಯವನ ಬಾಲ್ಯದ ಗೆಳೆಯ. ಸಂಜೆ ಆರರ ಕಾಡುಪ್ರಾಣಿಗಳ ಕಾರ್ಯಕ್ರಮವೆಂದರೆ ಅವನಿಗೆ ಪಂಚಪ್ರಾಣ. ಆ ತಿಂಗಳು ದಿನವೂ ಶರತ್ಕಾಲದ್ದೇ ಸುದ್ದಿ: ಕೊಂಬಿಗೆ ಕೊಂಬು ಕೊಟ್ಟು ಗುದ್ದಾಡುವ ಗಂಡು ಜಿಂಕೆಗಳು, ಬೀಜ ಹೂತಿಟ್ಟು ಜಾಗ ಮರೆಯುವ ಅಳಿಲು, ದಕ್ಷಿಣಕ್ಕೆ ಹೊರಟ ಹೆಬ್ಬಾತುಗಳು.

ಊದಿದ್ದ ಒಂದು ಕೆಪಾಸಿಟರ್ ಬದಲಾಯಿಸಿದರೆ ಮುಗಿಯುವ ಕೆಲಸ. ರಿಪೇರಿಯವನು ಅದನ್ನು ಮುಗಿಸಿ, ಅಂಗಡಿಯ ರೂಢಿಯಂತೆ ‘ಸರಿಯಾಗಿದೆ’ ಎಂದು ತಾರೀಖಿನ ಸಮೇತ ಬರೆದ ಚೀಟಿಯನ್ನು ಟಿವಿಯ ಬೆನ್ನಿಗೆ ಅಂಟಿಸಿದ್ದ. ಆದರೆ ಸಂಜೆ ಬಂದ ಡ್ರೈವರ್, ಅಂಗಡಿಯ ಟಿವಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಜಿಂಕೆಗಳ ಗುದ್ದಾಟಕ್ಕೆ ಬಸ್ಸಿನ ಮಾತಲ್ಲೇ ವಿವರಣೆ ಕೊಡತೊಡಗಿದ. ಒಂಟಿ ಮನುಷ್ಯ ರಿಪೇರಿಯವನು. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆ ಹಿಡಿದುಕೊಂಡು ನಕ್ಕ.

“ನನ್ನ ಪೇಷಂಟ್‌ನ ಯಾವಾಗ ಬಿಡ್ತೀಯೋ ಡಾಕ್ಟ್ರೇ?” ಎಂದ ಡ್ರೈವರ್ ಹೊರಡುವಾಗ.

“ಬೋರ್ಡ್ ಬರ್ಬೇಕಪ್ಪ. ಅಲ್ಲೀವರ್ಗೂ ಇಲ್ಲೇ ಬಾ.”

ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಚೀಟಿ ಕಾಣದಂತೆ ಟಿವಿಯ ಬೆನ್ನನ್ನು ಗೋಡೆಗೆ ಒತ್ತಿಟ್ಟ. ನಾಳೆ ಕೊಟ್ಟರಾಯಿತು ಎಂದುಕೊಂಡ. ಆ ನಾಳೆ ನಾಲ್ಕು ವಾರ ಬೆಳೆಯಿತು.

ನಾಲ್ಕನೆಯ ಭಾನುವಾರ ಡ್ರೈವರ್ ಅವನನ್ನು ಊರಾಚೆಯ ಕೆರೆಗೆ ಎಳೆದುಕೊಂಡು ಹೋದ. ಟಿವಿಯಲ್ಲಿ ಕಣ್ಣಿನ ರೆಪ್ಪೆಯೂ ಕಾಣುವ ಹೆಬ್ಬಾತು ಇಲ್ಲಿ ಸಾಸಿವೆಯಷ್ಟಿತ್ತು. ಗಾಳಿ ಕಿವಿ ಕೊರೆಯುತ್ತಿತ್ತು. ಡ್ರೈವರ್ ಮಾತ್ರ ಕತ್ತು ಮೇಲೆತ್ತಿ ಶುರುಮಾಡಿದ:

“ನೋಡೋ, ಇಂಡಿಕೇಟರ್ ಹಾಕ್ದೆ ಎಡಕ್ಕೆ ತಿರುಗ್ತು! ಮುಂದಿರೋನು ಸುಸ್ತಾದ, ಹಿಂದಿನೋನು ಬಂದು ಸ್ಟೇರಿಂಗ್ ಹಿಡ್ದ. ನಮ್ಮ ಡಿಪೋದಲ್ಲಿ ಹಿಂಗೆ ಯಾವನಾದ್ರೂ ಡ್ಯೂಟಿ ಬಿಡಿಸ್ತಿದ್ನಾ ಹೇಳು!” ಆಮೇಲೆ ಕತ್ತು ಇಳಿಸಿ ಅಂದ: “ಮುಂದಿನ್ ವಾರ ನಮ್ಮನೆಯವಳನ್ನೂ ಕರ್ಕೊಂಡ್ ಬರೋಣ. ನಾವಿಬ್ರೇ ನೋಡಿದ್ರೆ ಯಾಕೋ ಕದ್ದು ತಿಂದಂಗಿದೆ.”

“ಹೂಂ, ನೋಡೋಣ,” ಎಂದಿದ್ದ ರಿಪೇರಿಯವನು.

ಗುರುವಾರ ಮಧ್ಯಾಹ್ನ ಊಟ ಮಾಡಿ ಕುರ್ಚಿಗೆ ಒರಗಿದ ಡ್ರೈವರ್ ಮತ್ತೆ ಏಳಲಿಲ್ಲ.

ಮೂರು ವಾರ ಕಳೆದು ಅವನ ಹೆಂಡತಿಯ ಫೋನ್ ಬಂತು. “ಟಿವಿ ಆಯ್ತಾ? ಮನೇಲಿ ಸದ್ದೇ ಇಲ್ಲ.”

ರಿಪೇರಿಯವನು ಒದ್ದೆ ಬಟ್ಟೆ ಹಿಡಿದು ಚೀಟಿ ಕೀಳಲು ಕೂತ. ಒಂದು ಮೂಲೆ ಎದ್ದಿತು. ಇನ್ನೊಂದು ಸಲ ಉಜ್ಜಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಟಿವಿಯನ್ನು ಹಾಗೆಯೇ ಹೊತ್ತುಕೊಂಡು ನಡೆದ.

ಆಕೆಯ ಮುಂದೆ ಅದರ ಬೆನ್ನು ತಿರುಗಿಸಿದ. “ಅತ್ತಿಗೆ, ಇದನ್ನ ಓದಿ.”

ಆಕೆ ಕನ್ನಡಕ ಹುಡುಕಿ ತಂದು ಓದಿದರು. ತಾರೀಖನ್ನು ಎರಡು ಸಲ ಓದಿದರು.

“ಬೋರ್ಡ್ ಬರ್ಬೇಕು ಅಂದಿದ್ರಲ್ಲ?”

“ಸುಳ್ಳು ಹೇಳ್ದೆ. ಅವನು ದಿನಾ ಅಂಗಡಿಗೆ ಬರ್ಲಿ ಅಂತ.”

ಬೈಗುಳಕ್ಕೆ ಅವನು ಸಿದ್ಧನಾಗಿ ಬಂದಿದ್ದ. ಆಕೆ ಬೈಯಲಿಲ್ಲ. “ಸಂಜೆಯ ಆ ಒಂದು ಗಂಟೆ ನಮ್ಮಿಬ್ಬರದ್ದಾಗಿತ್ತು. ಮದುವೆ ಆದಾಗಿಂದ ಪ್ರಾಣಿಗಳಿಗೆಲ್ಲ ಬಸ್ಸಿನ ಭಾಷೆಯಲ್ಲಿ ಕಾಮೆಂಟ್ರಿ ಕೊಡೋರು, ನನ್ನ ನಗಿಸೋಕೆ ಅಂತ. ನಾಲ್ಕು ವಾರ ಈ ಗೋಡೆ ನೋಡ್ಕೊಂಡು ಕೂತಿದ್ದೆ ನಾನು.”

ಆ ಕಾಮೆಂಟ್ರಿ ತನಗಾಗಿಯೇ ಹುಟ್ಟಿದ್ದೆಂದು ರಿಪೇರಿಯವನು ಅಲ್ಲಿಯವರೆಗೂ ತಿಳಿದಿದ್ದ.

“ಕೆರೆ ಹತ್ರ ಏನಂದ್ರು?” ಆಕೆ ಎದುರಿನ ಕುರ್ಚಿಯಲ್ಲಿ ಕೂತರು. “ಮನೆಗೆ ಬಂದು ‘ನೀನೇ ಬಂದು ನೋಡು’ ಅಂದ್ರೇ ಹೊರತು ಒಂದೂ ಹೇಳ್ಲಿಲ್ಲ. ನೀವು ಹೇಳಿ. ಒಂದು ಮಾತೂ ಬಿಡ್ಬೇಡಿ.”

ಟಿವಿ ಪ್ಲಗ್ ಹಾಕದೆ ನೆಲದ ಮೇಲೆಯೇ ಇತ್ತು. ರಿಪೇರಿಯವನು ಗಂಟಲು ಸರಿಮಾಡಿಕೊಂಡ. “ಇಂಡಿಕೇಟರ್ ಹಾಕ್ದೆ ಎಡಕ್ಕೆ ತಿರುಗ್ತು, ಅಂದ.” ಅವನ ಬಾಯಿಗೆ ಬಂದಾಗ ಅದರಲ್ಲಿ ನಗುವಂಥದ್ದು ಏನೂ ಉಳಿದಿರಲಿಲ್ಲ.

“ಆಮೇಲೆ?” ಎಂದರು ಆಕೆ.

‘ಕದ್ದು ತಿಂದಂಗಿದೆ’ ಎಂದ ಮಾತು ಇನ್ನೂ ಬರಬೇಕಿತ್ತು. ಅದನ್ನೂ ಹೇಳಿದ.