ದೇಶಗಳಿಗೆ ಕುರ್ಚಿ ಹಾಕುವ ಅಕ್ಕ

ಬೆಳಕು ಹರಿಯುವ ಹೊತ್ತಿಗೇ ಅವರು ಸಭಾಂಗಣದಲ್ಲಿ ಮಂಡಿಯೂರಿರುತ್ತಾರೆ. ಕೈಯಲ್ಲೊಂದು ದಾರ. ನ್ಯಾಯಾಧೀಶರ ಪೀಠದಿಂದ ಎಡಗಡೆಯ ಮೇಜು ಎಷ್ಟು ದೂರವೋ ಬಲಗಡೆಯದೂ ಅಷ್ಟೇ ದೂರ ಇರಬೇಕು. ಒಂದು ಬೆರಳು ಹೆಚ್ಚುಕಡಿಮೆಯಾದರೂ ಮೇಜು ಎಳೆದು ಮತ್ತೆ ಅಳೆಯುತ್ತಾರೆ. ದೇಶ ದೇಶಗಳು ವ್ಯಾಜ್ಯ ಹೊತ್ತು ಬರುವ ಈ ನ್ಯಾಯಾಲಯದಲ್ಲಿ ಮೇಜು, ಕುರ್ಚಿ, ನೀರಿನ ಲೋಟ ಜೋಡಿಸುವುದು ಅವರ ಕೆಲಸ. ಎಲ್ಲರ ಬಾಯಲ್ಲೂ ಅವರು 'ಕುರ್ಚಿ ಅಕ್ಕ'. ಪತ್ರಿಕೆಯ ಫೋಟೊಗಳಲ್ಲಿ ಕುರ್ಚಿಗಳು ಕಾಣುತ್ತವೆ, ಅಕ್ಕ ಮಾತ್ರ ಎಂದೂ ಕಂಡಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಎಡವಟ್ಟು ಮಾಡಿಕೊಂಡಿದ್ದರು. ಕುರ್ಚಿಯ ಮೆತ್ತೆಗಳನ್ನು ಹೊಲಿಯಲು ಕೊಟ್ಟಿದ್ದಾಗ ಅರ್ಧ ಮಾತ್ರ ವಾಪಸು ಬಂದವು. ಬಂದಷ್ಟನ್ನು ಒಂದು ದೇಶದ ಕಡೆಯ ಕುರ್ಚಿಗಳಿಗೆ ಹಾಕಿಟ್ಟರು. ಬರಿ ಹಲಗೆಯ ಮೇಲೆ ಕುಳಿತ ಇನ್ನೊಂದು ಕಡೆಯ ವಕೀಲರು ಎದ್ದು, "ನಮ್ಮ ದೇಶ ಅಷ್ಟು ಅಗ್ಗವೇ?" ಎಂದರು. ವಿಚಾರಣೆಯೇ ನಿಂತುಹೋಯಿತು. "ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು. ಅವತ್ತಿಂದ ಈ ಕಡೆ ಲೋಟ ಒಡೆದ್ರೆ ಆ ಕಡೇದನ್ನೂ ತೆಗೆದಿಡ್ತೀನಿ," ಎಂದು ಅಕ್ಕ ನಗುತ್ತಾರೆ.

ನಿಜವಾದ ಪರೀಕ್ಷೆ ಎದುರಾದದ್ದು ಕಳೆದ ತಿಂಗಳು. ಗಡಿಯ ನದಿಗಾಗಿ ಒಂದು ಬಲಾಢ್ಯ ದೇಶಕ್ಕೂ ಅಂಗೈಯಗಲದ ದೇಶಕ್ಕೂ ಜಟಾಪಟಿ. ದೊಡ್ಡವರ ಸಿಬ್ಬಂದಿ ತಮ್ಮ ಮಂತ್ರಿಗೆಂದು ಸಿಂಹಾಸನದಂಥ ಎತ್ತರದ ಕುರ್ಚಿಯನ್ನೇ ಹೊತ್ತು ತಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು. "ಇಂಥದ್ದೇ ಇನ್ನೊಂದು ತನ್ನಿ ಸ್ವಾಮಿ, ಆ ಕಡೆಗೂ ಹಾಕ್ತೀನಿ."

ಅಕ್ಕನ ಮೇಲಧಿಕಾರಿಗೆ ಬೆವರು ಕಿತ್ತುಬಂತು. "ಸುಮ್ನೆ ಬಿಡಮ್ಮ. ನಿಂದು ಗುತ್ತಿಗೆ ಕೆಲಸ, ಮರೀಬೇಡ." ಬಸ್ ಓಡಿಸುತ್ತಿದ್ದ ಗಂಡ ಬೆನ್ನುನೋವಿನಿಂದ ಮನೆ ಹಿಡಿದಿದ್ದಾರೆ, ಸಂಸಾರ ಸಾಗುವುದು ಈ ಸಂಬಳದಲ್ಲೇ. ಆದರೂ ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. ಕುರ್ಚಿ ಹೊಸ್ತಿಲು ದಾಟಲಿಲ್ಲ.

ಗಲಾಟೆ ಕೇಳಿ ಮುಖ್ಯ ನ್ಯಾಯಾಧೀಶರೇ ಬಂದರು. ಕುರ್ಚಿಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಇವರು ಹೇಳಿದ ಹಾಗೇ ಆಗಲಿ," ಎಂದರು. ಅಂಥ ಇನ್ನೊಂದು ಕುರ್ಚಿ ಇಲ್ಲದೆ ಮಂತ್ರಿಗಳು ಎಲ್ಲರಂತೆ ಮಾಮೂಲಿ ಕುರ್ಚಿಯಲ್ಲೇ ತೆಪ್ಪಗೆ ಕುಳಿತರು. ಅಕ್ಕನ ಕೆಲಸ ಉಳಿದದ್ದಷ್ಟೇ ಅಲ್ಲ, ಈ ತಿಂಗಳಿಂದ ಕಾಯಂ ಆಗಿದೆ!

ದೇಶಗಳ ನಡುವೆ ಕಾನೂನಿಗೆ ನಿಜವಾಗಿ ಬೆಲೆ ಇದೆಯೇ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಅಕ್ಕನ ಮನೆಯಲ್ಲೂ ಅದೇ ವಾದ. "ಬಲ ಇರೋರು ತೀರ್ಪಿಗೆ ಕ್ಯಾರೇ ಅನ್ನಲ್ಲ ಕಣೆ," ಎಂದು ಗಂಡ ಛೇಡಿಸುತ್ತಾರೆ.

"ಕೇಳ್ತಾರೋ ಬಿಡ್ತಾರೋ, ಅದು ನನ್ನ ಕೈಲಿಲ್ಲ ರೀ," ಎನ್ನುತ್ತಾರೆ ಅಕ್ಕ. "ಆದ್ರೆ ಅವತ್ತು ಆ ಪುಟ್ಟ ದೇಶದ ವಕೀಲೆ ಹೆಣ್ಣುಮಗಳು ಎದ್ದು ನಿಂತು ವಾದ ಮಾಡೋವಾಗ, ಅಷ್ಟು ದೊಡ್ಡ ಮಂತ್ರಿ ಕತ್ತೆತ್ತಿ ನೋಡ್ಬೇಕಾಯ್ತು. ಹಾಗೆ ನೋಡಿಸಿದ್ದು ನಾನು."