ಫೋಲ್ಡರ್ ತೆರೆಯುವಷ್ಟು ಹೊತ್ತು

ಕಾಸರಕೋಡದ ಆ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದವನು ನಾನೇ. ಈಗ ಫೋಲ್ಡರ್ ತೆರೆಯಲಿಕ್ಕೆ ಯುಗ ಹಿಡಿಯುತ್ತದೆ, ಅವಸರದ ಗಿರಾಕಿಯೊಬ್ಬ ಬೈದು ಹೋದ ಎಂದು ಮಾಲೀಕರ ಫೋನ್ ಬಂತು. ನನಗೂ ಬೈಗುಳ ಕಾದಿದೆ ಎಂದುಕೊಂಡೇ ಕುಮಟಾದಿಂದ ಹೋದೆ.

ಮೀನುಗಾರರ ಪಾಸ್‌ಪೋರ್ಟ್ ಫೋಟೋಗಳೆಲ್ಲ ಒಂದೇ ಫೋಲ್ಡರಿನಲ್ಲಿದ್ದವು, ಅದೂ ಆಳಿನ ಹೆಸರಿನಲ್ಲಲ್ಲ, ಬೋಟಿನ ಹೆಸರಿನಲ್ಲಿ. ಹೊಸ ಸಿಸ್ಟಮ್ಮಿನ ಆಂಟಿವೈರಸ್ ಪ್ರತಿ ಸಲ ಅಷ್ಟೂ ಮುಖಗಳನ್ನು ತಪಾಸಣೆ ಮಾಡಿಯೇ ಬಾಗಿಲು ತೆಗೆಯುತ್ತಿತ್ತು. ಈ ಫೋಲ್ಡರಿನ ತಂಟೆಗೆ ಹೋಗಬೇಡ ಎಂದು ಅದಕ್ಕೆ ಸೆಟ್ಟಿಂಗ್ ಹಾಕಿದೆ. ಒತ್ತಿದ ಕೂಡಲೇ ತೆರೆಯಿತು.

"ಆತಾ?" ಎಂದ ಮಾಲೀಕರ ಮುಖ ಸಪ್ಪಗಾಯಿತು.

"ಯಾಕೆ, ಎಂತ ಆತು?"

"ಎಂತ ಇಲ್ಲ ತಮಾ. ನಿಧಾನ ಇದ್ದಾಗ ಬಂದವರು ಬೆಂಚಿನ ಮೇಲೆ ಕೂತು ನಾಲ್ಕು ಮಾತಾಡ್ತಿದ್ರು. ಇನ್ನು ನಿಂತಲ್ಲೇ ಫೋಟೋ ತಗೊಂಡು ಹೋಗ್ತಾರೆ."

ನನ್ನ ಬಾಡಿಗೆ ಕೋಣೆಯಲ್ಲೂ ಕಾಯುವವರು ಯಾರೂ ಇರಲಿಲ್ಲ. "ರೀಸ್ಟಾರ್ಟ್ ಮಾಡಿ ನೋಡ್ಬೇಕು, ಸ್ವಲ್ಪ ಹೊತ್ತು ಹಿಡೀತದೆ" ಎಂದು ರೀಸ್ಟಾರ್ಟ್ ಒತ್ತಿ ಬೆಂಚಿನ ಮೇಲೆ ಕೂತೆ. ಅವರು ಚಾಕ್ಕೆ ಹೇಳಿದರು.

ಚಾ ಬರುವ ಮೊದಲೇ ಕಂಪ್ಯೂಟರ್ ಎದ್ದು ಕೂತಿತ್ತು. ನಾವಿಬ್ಬರೂ ಅದರ ಕಡೆ ನೋಡಲಿಲ್ಲ.