ಮಗ್ಗದ ಸದ್ದಿನಲ್ಲಿ ಒಂದು ಪರೀಕ್ಷೆ

ಶಾಲೆಯ ಆ ಕೋಣೆಯಲ್ಲಿ ಅಕ್ಕ ತಲೆಯಾಡಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ದೊಡ್ಡಬಳ್ಳಾಪುರದ ಇಂಗ್ಲಿಷ್ ಮೀಡಿಯಂ ಶಾಲೆ ಅದು. ಅಕ್ಕನ ಮಗಳು ಎರಡನೇ ತರಗತಿ. ಮನೆಯಲ್ಲಿ ನಾವು ಆಡುವುದು ತೆಲುಗು, ಬೀದಿಯಲ್ಲಿ ಕನ್ನಡ. ಆ ಶಾಲೆಗೆ ಸೇರಿದ್ದು ಆ ವರ್ಷವಷ್ಟೇ, ಇಂಗ್ಲಿಷ್ ಅವಳ ಕಿವಿಗೆ ಬಿದ್ದು ವರ್ಷವೂ ಆಗಿರಲಿಲ್ಲ. ಡಿಗ್ರಿ ಓದಿದವಳೆಂದು ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಬೆಂಗಳೂರಿನಿಂದ ಬಂದ ಕೌನ್ಸೆಲರ್ ಮಗುವನ್ನು ಇಂಗ್ಲಿಷಿನಲ್ಲೇ ಪರೀಕ್ಷಿಸಿ ನಮ್ಮನ್ನು ಒಳಗೆ ಕರೆದರು.

"ಬುದ್ಧಿ ಬೆಳವಣಿಗೆ ಕಮ್ಮಿ ಇದೆ. ಏನ್ ಕೇಳಿದ್ರೂ ಬಾಯಿ ಬಿಡಲ್ಲ, ಕೈ ಆಡಿಸ್ತಾಳೆ. ಸ್ಪೆಷಲ್ ಸ್ಕೂಲಿಗೆ ಹಾಕಿ."

"ಇಲ್ಲಿ ಇಟ್ಕೊಳ್ಳೋದು ಕಷ್ಟ" ಎಂದರು ಪಕ್ಕದಲ್ಲಿದ್ದ ಹೆಡ್‌ಮಿಸ್ಸು.

ಅಕ್ಕ ತಲೆಯಾಡಿಸಿದಳು. "ಸರಿ ಮಿಸ್. ಓದು ಹತ್ತದಿದ್ರೆ ನೂಲು ಸುತ್ತೋಕೆ ಕೂರ್ಸೋಣ ಅಂತ ನಮ್ಮನೆಯೋರೂ ಅಂತಿದ್ರು."

ಕೈ ಆಡಿಸುತ್ತಾಳೆ ಎಂಬ ಮಾತಿಗೆ ನನ್ನ ಮೈ ಉರಿದುಹೋಯಿತು. ಅಕ್ಕನ ಮನೆಯಲ್ಲಿ ಪವರ್‌ಲೂಮ್ ಬೆಳಗಿನಿಂದ ಬಡಿಯುತ್ತಿರುತ್ತದೆ. ಆ ಸದ್ದಿನಲ್ಲಿ ಮಾತು ಕೇಳಿಸದು; ನೀರು ಬೇಕು, ಎಳೆ ಕಡಿಯಿತು, ಊಟಕ್ಕೆ ಬಾ, ಎಲ್ಲವನ್ನೂ ಕೈಯಲ್ಲೇ ಹೇಳುತ್ತೇವೆ. ಮಾತು ತೋಚದ ಮಗು ಆಡಿದ್ದು ಮನೆಯ ಮಾತನ್ನೇ.

"ತೆಲುಗಲ್ಲಿ ಕೇಳಿದ್ರಾ?" ಎಂದೆ.

"ಮೇಡಂ, ಇದು ಇಂಗ್ಲಿಷ್ ಮೀಡಿಯಂ" ಎಂದರು ಕೌನ್ಸೆಲರ್.

"ತೆಲುಗಲ್ಲೂ ತಡವರಿಸಿದ್ರೆ ಬುದ್ಧಿ ವಿಚಾರ ಮಾತಾಡಿ. ಇಂಗ್ಲಿಷಲ್ಲಿ ಮಾತ್ರ ಅಂದ್ರೆ ಅವಳಿಗೆ ಇಂಗ್ಲಿಷ್ ಬರಲ್ಲ, ಅಷ್ಟೇ. ಮನೆಗೆ ಬಂದು ನೋಡಿ. ಬರದಿದ್ರೆ ಬಿಇಒ ಆಫೀಸಿಗೆ ಹೋಗ್ತೀನಿ."

ಶನಿವಾರ ಕೌನ್ಸೆಲರ್ ಬಂದರು. ಏನೇ ಆದರೂ ಮಗ್ಗ ನಿಲ್ಲಿಸಬೇಡಿ ಎಂದು ಭಾವನಿಗೆ ಮೊದಲೇ ಹೇಳಿದ್ದೆ. ಹಿತ್ತಲಲ್ಲಿ ಕೂತು ಅವರದೇ ಚಿತ್ರಗಳನ್ನು ತೋರಿಸಿ ತೆಲುಗಿನಲ್ಲಿ ಕೇಳಿದೆ. ಮಗು ಚಿತ್ರದ ನಾಯಿಗೆ ಮದುವೆ ಮಾಡಿಸಿ, ಬೀಗರ ಜೊತೆ ಜಗಳ ಹಚ್ಚಿ, ಮರಿಗಳನ್ನು ಶಾಲೆಗೆ ಕಳಿಸಿತು. ಒಂದೊಂದನ್ನೂ ನಾನು ಕನ್ನಡದಲ್ಲಿ ಹೇಳುತ್ತಾ ಹೋದಂತೆ ಕೌನ್ಸೆಲರ್ ಮುಖ ಸಣ್ಣಗಾಯಿತು.

ಅಷ್ಟಕ್ಕೇ ಬಿಡುವ ಮನಸ್ಸು ನನಗಿರಲಿಲ್ಲ. ಮಗ್ಗದ ಕೋಣೆಗೆ ಕರೆದೊಯ್ದು, ಆ ಸದ್ದಿನಲ್ಲಿ ಅವರಿಗೇ ತೆಲುಗಿನಲ್ಲಿ ಒಂದರ ಮೇಲೊಂದು ಪ್ರಶ್ನೆ ಹಾಕಿದೆ. ಅವರು ಕಿವಿ ಮುಂದೆ ಮಾಡಿದರು, ಕಣ್ಣು ಕಿರಿದು ಮಾಡಿದರು, ಕೊನೆಗೆ ಕೈ ಆಡಿಸಿದರು.

ಮಗು ನನ್ನ ವೇಲ್ ಎಳೆದು ಕಿವಿಗೆ ಬಾಯಿಟ್ಟು ತೆಲುಗಿನಲ್ಲಿ ಕೇಳಿತು, "ಚಿಕ್ಕಮ್ಮಾ, ಈ ಮಿಸ್‌ಗೆ ಏನೂ ಬರಲ್ವಾ?"

ಹೊರಗೆ ಬಂದು ಅವರು, "ರಿಪೋರ್ಟ್ ಬದಲಾಯಿಸ್ತೀನಿ" ಎಂದರು.

"ನನಗಲ್ಲ, ಅಕ್ಕನಿಗೆ ಹೇಳಿ."

ಅಕ್ಕ ಮಗ್ಗದ ಆಚೆ ನಿಂತಿದ್ದಳು. "ನಿಮ್ಮ ಮಗಳು ಚೆನ್ನಾಗಿದ್ದಾಳೆ, ತಪ್ಪು ನಂದೇ" ಎಂದು ಅವರು ಬಾಗಿಲಿನಿಂದ ಕೂಗಿದರು. ಕೇಳಿಸಲಿಲ್ಲವೆಂದು ಅಕ್ಕ ಕೈ ತೋರಿಸಿದಳು. ಇನ್ನೊಮ್ಮೆ ಕೂಗಿದರು. ಅಕ್ಕ ಮತ್ತೆ ಕೈ ತೋರಿಸಿದಳು. ಭಾವ ಮಗ್ಗ ನಿಲ್ಲಿಸಲು ಸ್ವಿಚ್ಚಿನ ಕಡೆ ಹೊರಟರು. ನಾನು ಅಡ್ಡ ನಿಂತೆ. ಗಂಟಲು ಕಟ್ಟುವವರೆಗೂ ಕೌನ್ಸೆಲರ್ ಕೈಲಿ ಕೂಗಿಸಿದೆ.

ಸೋಮವಾರ ಮಗುವನ್ನು ಅದೇ ತರಗತಿಗೆ ಬಿಟ್ಟುಬಂದೆ. ಗೇಟಿನಲ್ಲಿ ಹೆಡ್‌ಮಿಸ್ಸು ನಕ್ಕರು. ನಾನು ನಗಲಿಲ್ಲ.